ಗಂಟೆಯ ಲೆಕ್ಕ

ಹೆಡಿನ್, ಇಪ್ಪತ್ತಾರು ವರ್ಷ ಸಾಲ್ಮನ್ ಕಂಪನಿಯ ಮ್ಯಾನೇಜರು,
ನಿವೃತ್ತನಾದ ಮರುತಿಂಗಳೇ ನಮ್ಮ ಚರ್ಚಿನ ಸಮಿತಿಗೆ ಅಧ್ಯಕ್ಷ.
ಬೇರೆ ಯಾರೂ ಕೈ ಎತ್ತಲಿಲ್ಲ. ನಾನೂ.

ತಾರು ಬಳಿದ ಕರಿಮರದ ಗೋಡೆ, ಸೂರಿನ ಮೇಲೆ ಹುಲ್ಲು,
ಒಳಗೆ ಹನ್ನೆರಡು ಬೆಂಚು,
ತೊಲೆಯಿಂದ ತೂಗುವ, ತೊಟ್ಟಿಲಷ್ಟೇ ದೊಡ್ಡ ಹಡಗು,
ಮರಳಿ ಬಾರದವರ ನೆನಪಿಗೆ ಯಾರೋ ಕೆತ್ತಿದ್ದು.
ಆ ಹಡಗಿನ ಅಡಿಯಲ್ಲೇ ಅವನು
ಪ್ರೊಜೆಕ್ಟರು ಇಟ್ಟ.

ಪರದೆ ಇರಲಿಲ್ಲ; ಬಲಿಪೀಠದ ಬಿಳಿಬಟ್ಟೆಯ ಮೇಲೆ ಬಿತ್ತು ಬೆಳಕು:
ಮೂರು ವರ್ಷದ ಗುರಿ.
ಒಂದು ಆರಾಧನೆಗೆ ಉರಿಯುವ ಎಣ್ಣೆ, ತಲೆಗೆ ಇಷ್ಟು ಕ್ರೋನಾ.
ಒಟ್ಟು ತಲೆ ನಲವತ್ತೊಂದು, ಬಾಣ ಕೆಳಮುಖ.
‘ತಲೆ ಅಲ್ಲ’ ಎಂದಳು ಪಾದ್ರಿ ಬ್ಯಾರ್ತಾ, ಮೆಲ್ಲಗೆ.
‘ಸರಿ, ಸದಸ್ಯರು’ ಎಂದು ತಿದ್ದಿ
ಮುಂದಿನ ಪುಟಕ್ಕೆ ಹೋದ.

ಅವಳಿಗೊಂದು ಹಾಳೆ ಕೊಟ್ಟರು, ಗೆರೆ ಗೆರೆಯದು.
ಪ್ರಾಮಾಣಿಕಳು, ತುಂಬಿದಳು:
ಮಂಗಳವಾರ, ಎರಡರಿಂದ ಐದು, ದಾನ್ಯಲನ ಅಡುಗೆಮನೆ.
ಮಾಡಿದ ಕೆಲಸ: ಕಾಫಿ.
ಆಡಿದ ಮಾತು: ಇಲ್ಲ.
ಫಲಿತಾಂಶ ಎಂಬಲ್ಲಿ ಪೆನ್ನು ನಿಂತು ನಿಂತು
ಮಸಿಯ ಒಂದು ಚುಕ್ಕೆ.
ದಾನ್ಯಲನ ಹೆಂಡತಿಯನ್ನು ಮಣ್ಣು ಮಾಡಿ
ಆಗಿನ್ನೂ ಒಂಬತ್ತು ದಿನ.

ನನಗೂ ಒಂದು ಹಾಳೆ. ನಾನು ಗಂಟೆ ಬಾರಿಸುವವನು.
ವಾರಕ್ಕೆ ಎಷ್ಟು ಗಂಟೆ? ಎಂದು ಕೇಳಿತ್ತು ಹಾಳೆ.
ಒಂದೇ ಗಂಟೆ, ಎಂದು ಬರೆದೆ,
ಕಂಚಿನದು, ಅಂಚಿನಲ್ಲಿ ಸೀಳು ಬಿಟ್ಟಿದೆ.
ಹೆಡಿನ್ ನಗಲಿಲ್ಲ.
ಸಾಕಣೆಯ ಬಲೆಯೊಳಗೆ ನೂರಕ್ಕೆ ನಾಲ್ಕು ಮೀನು ಸಾಯುತ್ತವೆ,
ಅದಕ್ಕೂ ಒಂದು ಕಾಲಂ ಇಟ್ಟಿದ್ದೆವು, ಎಂದ,
ಸಹಿಸಬಹುದಾದ ನಷ್ಟ.
ನನ್ನ ಕುರಿಗಳಿಗೆ ಅಂಥ ಕಾಲಂ ಇಲ್ಲ ಎಂದೆ, ಎದೆಯುಬ್ಬಿಸಿ.

ಸುಳ್ಳು. ಇದೆ.
ಹೋದ ಮಾರ್ಚಿಯಲ್ಲಿ ಕಡಲಬಂಡೆಯಿಂದ ಜಾರಿದ ಮೂರನ್ನು
ಡೈರಿಯಲ್ಲಿ ಬರೆದುಕೊಂಡು
ಊಟ ಮಾಡಿ ಮಲಗಿದವನು ನಾನು.

ಫೆಬ್ರವರಿ. ಗಾಳಿ ಬಾಗಿಲಿಗೆ ಹೆಗಲು ಕೊಟ್ಟು ನೂಕುವ ರಾತ್ರಿ.
ತಟ್ಟಿದವನು ಹೆಡಿನ್, ಕೋಟಿನೊಳಗೆ ಮಡಿಸಿದ ಕಾಗದ.
ಖಾಲಿ ಚೌಕಗಳ ಮೇಲೆ ಒದ್ದೆ ಬೆರಳಿಟ್ಟ:
‘ಮಾಲನ್. ಐದನೇ ಬೆಂಚು, ಎಡತುದಿ. ಮೂರು ಭಾನುವಾರ.’
ಡೆನ್ಮಾರ್ಕಿನ ಮಗಳ ಹತ್ತಿರ ಹೋಗಿರಬೇಕು, ಎಂದೆ.
‘ಯಾರು ಹೇಳಿದರು?’
ಯಾರೂ ಹೇಳಿರಲಿಲ್ಲ.
ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಹಳ್ಳದಾಚೆಯ ಕೊನೆಯ ಮನೆ. ದೀಪವಿಲ್ಲ.
ದಾರಿಯಲ್ಲೇ ಬ್ಯಾರ್ತಾಳನ್ನು ಎಬ್ಬಿಸಿಕೊಂಡು ಹೋದೆವು.
ಹಾಸಿಗೆಯಲ್ಲಿ ಕೂತಿದ್ದಳು ಮಾಲನ್, ಪಾದ ಕುಂಬಳದಂತೆ ಊದಿ,
ತಣ್ಣಗಾದ ಒಲೆ, ಮಡಿಲಲ್ಲಿ ಒಣಮೀನಿನ ಸಿಪ್ಪೆ.
‘ಯಾರಿಗೂ ತೊಂದರೆ ಬೇಡ ಅಂತ,’ ಎಂದವಳೇ
ಕೆದರಿದ ಕೂದಲಿಗೆ ಕೈ ಹಾಕಿದಳು.

ಆಟಕ್ಕುಂಟು, ಲೆಕ್ಕಕ್ಕಿಲ್ಲ:
ಪ್ರೀತಿಯ ಊರು ನಾವು, ಅವಳನ್ನು ಇಟ್ಟಿದ್ದು ಹಾಗೆ.
ಲೆಕ್ಕದವನು ಬಂದು ಬಾಗಿಲು ತಟ್ಟಿದ.

ತಟ್ಟಿದವನಿಗೆ ಮುಂದೇನು ಎಂದು ತಿಳಿಯದು.
ಕಾಗದ ಹಿಡಿದು ನಿಂತೇ ಇದ್ದ,
ನೀರು ಸುರಿಯುತ್ತಿತ್ತು ಅದರಿಂದ, ಹೆಸರುಗಳೆಲ್ಲ ಕಲಸಿ.
ಬ್ಯಾರ್ತಾ ಒಲೆ ಹೊತ್ತಿಸಿದಳು. ಕಾಫಿ.
ಸ್ಟೂಲೊಂದನ್ನು ಕಾಲಿಂದ ಅವನತ್ತ ಸರಿಸಿದಳು.
ಕೂತ. ಡಾಕ್ಟರ ದೋಣಿ ಬರುವವರೆಗೂ ಕೂತಿದ್ದ.
ಅವನ ಕೈಗಡಿಯಾರ ನೋಡುತ್ತಿದ್ದವನು ನಾನು.

ಗುರಿ ಮುಟ್ಟಿಲ್ಲ. ಮೂವತ್ತೊಂಬತ್ತಕ್ಕೆ ಇಳಿದಿದೆ,
ಎಣ್ಣೆಗೆ ಮತ್ತೆ ಬೆಲೆ ಏರಿದೆ.
ಪ್ರೊಜೆಕ್ಟರು ಹಡಗಿನಡಿಯಲ್ಲಿ ಈಗಲೂ ಇದೆ,
ಈಗಲೂ ನನಗದು ಹಿಡಿಸದು.

ನಿನ್ನೆ ಸಂಜೆ ಗುಡ್ಡದ ಬೇಲಿಗೆ ಒರಗಿ ಕುರಿ ಎಣಿಸುತ್ತಿದ್ದೆ.
ಅರವತ್ತೇಳು. ಇರಬೇಕಾದ್ದು ಅರವತ್ತೆಂಟು.
ಮಂಜು ಇಳಿಯುತ್ತಿತ್ತು, ಮನೆಯಲ್ಲಿ ಸಾರು ಕಾದಿತ್ತು.
ಬೆರಳು ಮಡಿಸಿ
ಮತ್ತೆ ಒಂದರಿಂದ ಶುರುಮಾಡಿದೆ.